ತಪ್ಪು ಉತ್ತರಕ್ಕೂ ಒಂದು ಚರಿತ್ರೆ

ಹೈದರಾಬಾದಿನ ನಾಂಪಲ್ಲಿಯಲ್ಲಿ ತೆಲಂಗಾಣ ಲೋಕಸೇವಾ ಆಯೋಗದ ಕಚೇರಿ ಇದೆ. ಆಯೋಗ 2022ರ ಅಕ್ಟೋಬರ್ 16ರಂದು ನಡೆಸಿದ ಗ್ರೂಪ್-1 ಪ್ರಿಲಿಮ್ಸ್‌ನಲ್ಲಿ 150 ಬಹುಆಯ್ಕೆ ಪ್ರಶ್ನೆಗಳಿದ್ದವು. ಪ್ರಶ್ನೆಪತ್ರಿಕೆ ಸೋರಿದ್ದು ಬಯಲಾಗಿ 2023ರ ಮಾರ್ಚ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಅಲ್ಲಿ ಪ್ರಶ್ನೆಯ ಕೆಲಸ ಜರಡಿ ಹಿಡಿಯುವುದು. ಗುಟ್ಟು ರಟ್ಟಾದರೆ ಜರಡಿ ಕೆಲಸಕ್ಕೆ ಬಾರದು.

ಕಲಿಸುವ ಪ್ರಶ್ನೆಯ ದಾರಿ ಬೇರೆ. 1920ರ ದಶಕದಲ್ಲಿ ಅಮೆರಿಕದ ಸಿಡ್ನಿ ಪ್ರೆಸ್ಸಿ ನಾಲ್ಕು ಕೀಲಿಗಳ ಯಂತ್ರವೊಂದನ್ನು ಮಾಡಿದರು. ಸರಿಯುತ್ತರ ಒತ್ತುವವರೆಗೂ ಅದು ಮುಂದಿನ ಪ್ರಶ್ನೆಗೆ ಹೋಗದಂತೆ ಇಡಬಹುದಿತ್ತು. 1950ರ ದಶಕದಲ್ಲಿ ಬಿ.ಎಫ್. ಸ್ಕಿನ್ನರ್ ಆಯ್ಕೆಗಳನ್ನೇ ಒಪ್ಪಲಿಲ್ಲ: ನಂಬುವಂತಿರುವ ತಪ್ಪುಗಳನ್ನು ಕಲಿಯುವವರ ಮುಂದಿಡಬಾರದು, ಉತ್ತರವನ್ನು ಅವರೇ ಬರೆಯಬೇಕು. ಅದೇ ಕಾಲದ ನಾರ್ಮನ್ ಕ್ರೌಡರ್ ತಪ್ಪನ್ನೇ ಬಳಸಿಕೊಂಡರು. ಅವರ ಪುಸ್ತಕಗಳಲ್ಲಿ ಪ್ರತಿ ತಪ್ಪು ಆಯ್ಕೆಯೂ ಬೇರೊಂದು ಪುಟಕ್ಕೆ ಕರೆದೊಯ್ದು, ಎಡವಿದ್ದೆಲ್ಲಿ ಎಂದು ವಿವರಿಸುತ್ತಿತ್ತು.

ಆನ್‌ಲೈನ್ ಕೋರ್ಸಿನ ಕ್ವಿಜ್‌ಗೆ ಇವತ್ತು ಈ ಮೂರು ದಾರಿಯೂ ಸುಲಭ. 1/2 ಮತ್ತು 1/3 ಕೂಡಿಸಿ 2/5 ಎಂದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿದ್ದಾರೆ. ಅವರಿಗೆ ಬೇಕಾದದ್ದು ಕೆಂಪು ಗುರುತಲ್ಲ, ಛೇದವನ್ನು ಸಮ ಮಾಡುವ ಪಾಠ. 2/5 ಎಂಬ ಆಯ್ಕೆಯನ್ನು ಬರೆಯುವಾಗಲೇ ಆ ಪಾಠವನ್ನೂ ಬರೆದಿಟ್ಟರೆ ಕ್ವಿಜ್ ಕಲಿಸುತ್ತದೆ. ಇಲ್ಲದಿದ್ದರೆ ಅದು ನೌಕರಿಯಿಲ್ಲದ ಪ್ರಿಲಿಮ್ಸ್.