ಹುಲಿ ಬೇಟೆಯ ಕಾರು

ಚಳಿಗಾಲದ ಗುರುವಾರ ಸಂಜೆ ಜಾಬ್ರಿಯಾದಿಂದ ಮರುಭೂಮಿಗೆ ಹೊರಡುವ ಜೀಪುಗಳ ತಲೆಮೇಲೆ ಸಾಲು ದೀಪ ನೋಡಿದ್ದೀರಲ್ಲ? ಇಂಥ ದೀಪಕ್ಕೊಂದು ಹಳೇ ಕಥೆ ಉಂಟು.

1925ರಲ್ಲಿ ರಾಜಸ್ಥಾನದ ಕೋಟಾ ಮಹಾರಾಜ ಎರಡನೇ ಉಮೇದ್ ಸಿಂಗ್ ಹುಲಿ ಬೇಟೆಗೆಂದೇ ರೋಲ್ಸ್ ರಾಯ್ಸ್ ಕಾರು ಮಾಡಿಸಿದರು. ಲಂಡನ್ನಿನ ಬಾರ್ಕರ್ ಕಂಪನಿ ಬಾಡಿ ಕಟ್ಟಿತು. ಅದಕ್ಕೆ ಸರ್ಚ್‌ಲೈಟ್ ಇತ್ತು, ಬಂದೂಕುಗಳಿದ್ದವು. ಹುಲಿಯ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇರುತ್ತೆ. ಕತ್ತಲಲ್ಲಿ ದಾರಿ ಕಾಣೋದಕ್ಕೆ ಅದು ನೆರವಾಗುತ್ತೆ. ದೀಪ ಬಿದ್ದರೆ ಅದೇ ಕಣ್ಣು ಹೊಳೆದು ಬೇಟೆಗಾರನಿಗೆ ಗುರಿ ಕೊಡುತ್ತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವಾಹನದಿಂದ ಬೇಟೆಯಾಡುವುದನ್ನು ನಿಷೇಧಿಸಿತು. ಮರುವರ್ಷ ಮೈಸೂರು ಅರಸರ ಬೇಟೆಕಾಡಾಗಿದ್ದ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಅಲ್ಲಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡೋದಿಲ್ಲ. ರಜೆಗೆ ಹೋದಾಗ ಗೇಟಿನಲ್ಲಿ ಕಾಯಬೇಕಾಗಿ ಬಂದರೆ ಬೈಕೋಬೇಡಿ. ಅಷ್ಟು ಹೊತ್ತಿನ ಕತ್ತಲು ಹುಲಿಯದು.