ಓಟಗಾರನ ಹಿರಿಮೆ ಗಡಿಯಾರದಲ್ಲಿಲ್ಲ

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ, ಅಂದರೆ ಕೆಸರುಗದ್ದೆಯ ಕೋಣಗಳ ಓಟದಲ್ಲಿ, ಮೂಡುಬಿದಿರೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಓಟದ ಪಥವನ್ನು) 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಲೆಕ್ಕ ಹಾಕಿದಾಗ ಸಿಕ್ಕಿದ್ದು 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ದಾಖಲೆ 9.58. ದೇಶವಿಡೀ ಹೋಲಿಕೆಗೆ ಇಳಿಯಿತು. ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕಕ್ಕಿಂಜೆಯಿಂದ ವೇಣೂರಿನವರೆಗೆ, ಕಂಬಳ ಬಲ್ಲವರಿಗೆ ಈ ಲೆಕ್ಕ ಒಪ್ಪಿಗೆಯಾಗಬಾರದು. ಬೋಲ್ಟ್ ತನ್ನ ಬಲದಿಂದಲೇ ಓಡಿದ. ಇಲ್ಲಿ ಓಟಗಾರನನ್ನು ಜೋಡಿ ಕೋಣಗಳ ಬಲ ಸೆಳೆಯುತ್ತದೆ.

ಹಾಗಾದರೆ ಓಟಗಾರನದೇನು ಹೆಚ್ಚುಗಾರಿಕೆ, ಗೆಲುವು ಕೋಣಗಳದ್ದಲ್ಲವೇ ಎಂದು ಕೇಳಬಹುದು. ಉತ್ತರ ಕಂಬಳದ ಕನೆಹಲಗೆ ಎಂಬ ವಿಭಾಗದಲ್ಲಿದೆ. ಅಲ್ಲಿ ವೇಗ ಗೆಲ್ಲಿಸುವುದಿಲ್ಲ. ಓಟಗಾರ ತೂತುಳ್ಳ ಹಲಗೆಯ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ತೂತಿನಿಂದ ಚಿಮ್ಮಿದ ಕೆಸರುನೀರು ಆರೂವರೆ ಇಲ್ಲವೇ ಏಳೂವರೆ ಕೋಲು ಎತ್ತರದ ನಿಶಾನೆ ಬಟ್ಟೆಯನ್ನು ತೋಯಿಸಬೇಕು. ಕೋಣಗಳ ಬಲ, ಮನುಷ್ಯನ ತೂಕ, ಕಾಲಿನ ಒತ್ತು ಒಂದಾಗದಿದ್ದರೆ ನೀರು ಮೇಲೇರದು. ಅಮೆರಿಕದ ಫುಟ್‌ಬಾಲಿನಲ್ಲೂ ಇದೇ ಮಾತು: ಆಟಗಾರ ಟಾಮ್ ಬ್ರೇಡಿ ಗೆದ್ದ 7 ಸೂಪರ್ ಬೌಲ್ ಪ್ರಶಸ್ತಿಗಳು ಅವನ ತಂಡಗಳವೂ ಹೌದು, ಆದರೂ ತಂಡದ ಬಲವನ್ನು ಗುರಿಗೆ ಮುಟ್ಟಿಸಿದವನು ಅವನು. ಗಡಿಯಾರ ನ್ಯಾಯವಂತ, ನಿಜ. ಒಂದೇ ಕೂಟದ ಗೆಲುವು ನಿರ್ಧರಿಸಲು ಅದು ಬೇಕೇಬೇಕು. ಆದರೆ 2014ರ ನಿಷೇಧವನ್ನು ದಾಟಿ, 2023ರಲ್ಲಿ ಸುಪ್ರೀಂ ಕೋರ್ಟಿನ ಮನ್ನಣೆ ಪಡೆದ ಈ ಕ್ರೀಡೆಯನ್ನು ಅದರದೇ ಕೋಲಿನಿಂದ ಅಳೆಯೋಣ.