ಮೊದಲು ಚಾಕು, ಆಮೇಲೆ ಮೆಷಿನ್

ಇವತ್ತಿನ ಕಥೆ ನನ್ನ ಅಂಗಿ ತೋಳಿನಿಂದ ಶುರು. ಹನ್ನೆರಡು ವರ್ಷದವನಿದ್ದಾಗ, ಮಾವನ ಮರಗೆಲಸದ ಶೆಡ್‌ನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಡ್ರಿಲ್ಲಿಂಗ್ ಮೆಷಿನ್ ಆನ್ ಮಾಡಿದೆ. ತೋಳು ಬಿಟ್‌ಗೆ ಸುತ್ತಿಕೊಂಡಿತು. ಬಟ್ಟೆ ಹರೀತು, ಕೈ ಉಳೀತು. ಅಲ್ಲಿವರೆಗೆ ನನಗೆ ಸಿಕ್ಕಿದ್ದ ಪಾಠ ಒಂದೇ: ‘ಮುಟ್ಟಬೇಡ’.

ಫಿನ್ಲೆಂಡ್‌ನವರು ಬೇರೆ ದಾರಿ ಹಿಡಿದಿದ್ದರು. ಉನೊ ಸಿಗ್ನೇಯಸ್ ಎಂಬ ಪಾದ್ರಿಯ ಒತ್ತಾಸೆಯಿಂದ 1866ರಲ್ಲೇ ಅಲ್ಲಿನ ಜನಸಾಮಾನ್ಯರ ಶಾಲೆಗಳಿಗೆ ಕೈಕೆಲಸ ಬಂತು. ಪಕ್ಕದ ಸ್ವೀಡನ್‌ನಲ್ಲಿ ಒಟ್ಟೊ ಸಾಲೊಮನ್, 1870ರ ದಶಕದಿಂದ ನೇಸ್ ಎಂಬ ಎಸ್ಟೇಟ್‌ನಲ್ಲಿ ಇದನ್ನು ಶಿಕ್ಷಕರಿಗೇ ಕಲಿಸಿದರು. ಹೆಸರು ‘ಸ್ಲಾಯ್ಡ್’.

ಸಾಲೊಮನ್ ಪದ್ಧತಿಯಲ್ಲಿ ಮಗುವಿನ ಕೈಗೆ ಮೊದಲು ಬರೋದು ಚಾಕು! ನಮ್ಮಮ್ಮ ಕೇಳಿದ್ರೆ ಹೌಹಾರ್ತಾರೆ. ಆದರೆ ಹಳ್ಳಿ ಮಗುವಿಗೆ ಚಾಕು ಮನೆಯಲ್ಲೇ ಪರಿಚಯ. ಅದರಲ್ಲಿ ಒಂದು ಪುಟ್ಟ ಕಡ್ಡಿ ಕೆತ್ತಿದ ಮೇಲೆ ಮುಂದಿನ ವಸ್ತು, ಹಿಂದಿನದಕ್ಕಿಂತ ಚೂರು ಕಷ್ಟದ್ದು. ಗರಗಸ, ಉಜ್ಜುಗೊರಡು ಒಂದೊಂದಾಗಿ ಬರ್ತಾವೆ. ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಹೋಗಿ ನಿಲ್ಲೋ ಭಂಗಿಯನ್ನೂ ತಿದ್ದಬೇಕು.

ಆ ಶಾಲೆಗಳಲ್ಲಿ ಕರೆಂಟ್ ಮೆಷಿನ್ ಇರಲಿಲ್ಲ, ನಿಜ. ಆದ್ರೆ ನೋಡಿ, ಕೈಗರಗಸ ನಾವು ನಿಂತರೆ ನಿಲ್ಲುತ್ತೆ. ಮೋಟಾರ್ ನಿಲ್ಲಲ್ಲ. ಮರ ಹೇಗೆ ಸಿಗಿಯುತ್ತೆ, ಬ್ಲೇಡ್ ಎಲ್ಲಿ ಜಾರುತ್ತೆ ಅಂತ ನಿಧಾನದ ಉಪಕರಣದಲ್ಲಿ ಗೊತ್ತಾಗಿರಬೇಕು. ನಾನು ನೇರ ಸ್ವಿಚ್‌ಗೇ ಕೈ ಹಾಕಿದ್ದೆ.

ಮೊನ್ನೆ ಅದೇ ಶೆಡ್‌ನಲ್ಲಿ ಮಾವನ ಮೊಮ್ಮಗಳು ಕೂದಲು ಕಟ್ಟಿ, ತೋಳು ಮಡಚಿ, ಕನ್ನಡಕ ಹಾಕಿ, ಮರವನ್ನು ಕ್ಲಾಂಪ್‌ನಲ್ಲಿ ಬಿಗಿದಳು. ‘ಗ್ಲೌಸ್ ಬೇಡ್ವಾ?’ ಅಂದೆ. ‘ಅದೂ ಸುತ್ಕೊಳ್ಳತ್ತೆ ಕಣೋ’ ಅಂದಳು.